ತಂಬೂರಿ ಮತ್ತು ಹಾರ್ಮೋನಿಯಂ: ಮಂಡ್ಯ ಸೀಮೆಯ ಹಾಡು, ಅಂತಸ್ತು, ರಾಜಕೀಯ ನಂಬುಗೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಇತ್ತೀಚಿನ ಚರಿತ್ರೆಯನ್ನು ಬರೆಯಹೊರಟವರು ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರ ಸಕ್ಕರೆ ಕಾರ್ಖಾನೆ, 1938ರ ಶಿವಪುರದ ಧ್ವಜ ಸತ್ಯಾಗ್ರಹ, 1939ರ ಜಿಲ್ಲಾ ರಚನೆ ಇವುಗಳನ್ನು ಒಂದರ ಹಿಂದೊಂದರಂತೆ ಹೇಳಿ ಮುಗಿಸುವುದು ವಾಡಿಕೆ. ಇವೆಲ್ಲಕ್ಕೂ ಕಾಗದಪತ್ರಗಳ ಆಧಾರವುಂಟು. ಆದರೆ ಕಾಗದವನ್ನು ಕಾಣದ, ಕಂಡರೂ ಓದಲಾರದ ಬಹುಸಂಖ್ಯೆಯ ಜನ ಇದೇ ನೆಲದಲ್ಲಿ ಬಾಳಿದರು. ಅಧಿಕಾರವೆಂದರೇನು, ನ್ಯಾಯವೆಂದರೇನು, ದೊಡ್ಡವನೆಂದರೆ ಯಾರು ಎಂಬ ವಿಷಯಗಳಲ್ಲಿ ಅವರ ಅಭಿಪ್ರಾಯ ತಿಳಿಯಬೇಕಾದರೆ ಅವರು ಹಾಡಿದ, ಕೇಳಿದ ಹಾಡುಗಳ ಬಳಿಗೆ ಹೋಗದೆ ಬೇರೆ ದಾರಿಯಿಲ್ಲ. ಯಾವ ಹಾಡು ಯಾವ ಅಂತಸ್ತಿನವರದು, ಅದನ್ನು ನೆಚ್ಚಿದವರು ರಾಜಕೀಯದಲ್ಲಿ ಏನನ್ನು ನೆಚ್ಚಿದರು ಎಂಬುದನ್ನು ಈ ಲೇಖನದಲ್ಲಿ ಒಂದಿಷ್ಟು ವಿಚಾರಮಾಡಲಾಗಿದೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವನ್ನು ಇಂದು ಬಸ್ಸಿನ ಫಲಕಗಳು ಬಿ.ಜಿ. ಪುರವೆಂದು ಕರೆಯುತ್ತವೆ. ಮಂಟೇಸ್ವಾಮಿಯ ಗದ್ದುಗೆ ಇರುವುದು ಅಲ್ಲಿ. ಅವನ ಶಿಷ್ಯನಾದ ಸಿದ್ಧಪ್ಪಾಜಿಯ ನೆಲೆ ಕಾವೇರಿಯ ಆಚೆಯ ಚಿಕ್ಕಲ್ಲೂರು. ಈ ಗುರುಶಿಷ್ಯರ ಕಥೆಯನ್ನು ರಾತ್ರಿಯಿಂದ ಬೆಳಗಿನವರೆಗೆ ಹಾಡುವವರು ನೀಲಗಾರರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಮುಮ್ಮೇಳದವನು ಕಥೆಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಹಿಡಿದು ಮುಂದುವರಿಸುತ್ತಾರೆ. ನೀಲಗಾರ ದೀಕ್ಷೆಯನ್ನು ಹಲವು ಜಾತಿಗಳವರು ಪಡೆಯುತ್ತಾರಾದರೂ ಹಾಡುವವರಲ್ಲಿ ಬಹುಮಂದಿ ದಲಿತ ಕೇರಿಗಳಿಗೆ ಸೇರಿದವರು. ಭೂಮಿಯಿಲ್ಲದವರು ಅಥವಾ ಹೆಸರಿಗೆ ಮಾತ್ರ ಇದ್ದವರು. ಅವರು ಮನೆಮನೆಗೆ ಹೋಗಿ ಪಡೆಯುವ ಭಿಕ್ಷೆಗೆ ಕೋರಣ್ಯವೆಂದು ಹೆಸರು. ಹರಕೆಯ ಮನೆಗಳಿಗೂ ತಿಥಿಯ ರಾತ್ರಿಗಳಿಗೂ ಅವರನ್ನು ಕರೆಸುತ್ತಿದ್ದವರು ಮಾತ್ರ ಬಹುಮಟ್ಟಿಗೆ ನೆಲವುಳ್ಳ ಒಕ್ಕಲುಗಳು. ಹಾಡುವವನು ಒಂದು ಅಂತಸ್ತಿನವನು, ಹಾಡಿಸುವವನು ಮತ್ತೊಂದು ಅಂತಸ್ತಿನವನು ಎಂಬ ಈ ಅಂಶ ಮುಂದಿನ ವಿಚಾರಕ್ಕೆಲ್ಲ ಮುಖ್ಯವಾದುದು.

ಹಾಡಿನ ಒಳಗೆ ಏನಿದೆ? ಕಥೆಯ ಮೊದಲ ಘಟ್ಟ ಕಲ್ಯಾಣದಲ್ಲಿ ನಡೆಯುತ್ತದೆ. ಬಸವಣ್ಣನವರ ಕಲ್ಯಾಣ ಸಮಾನತೆಯ ಊರು. ಅಲ್ಲಿ ಶರಣರು ಸಾವಿರ ಸಾವಿರವಾಗಿ ನೆರೆದಿದ್ದಾರೆ. ಅಂಥ ಊರಿಗೆ ಮಂಟೇಸ್ವಾಮಿ ಬರುವುದು ಕೊಳೆತು ನಾರುವ ಮೈಯವನಾಗಿ, ಹತ್ತಿರ ನಿಲ್ಲಲೂ ಹೇಸುವಂಥ ವೇಷದಲ್ಲಿ. ವಿಭೂತಿ ಧರಿಸಿದವರು, ಲಿಂಗ ಕಟ್ಟಿದವರು, ಸಮಾನತೆಯನ್ನು ಬಾಯಿತುಂಬ ಆಡುವವರು ಮೂಗು ಮುಚ್ಚಿಕೊಂಡು ಅವನನ್ನು ಅಟ್ಟುತ್ತಾರೆ. ಬಸವಣ್ಣನವರಿಗೆ ಮಾತ್ರ ಅವನ ಗುರುತು ಹತ್ತುತ್ತದೆ. ಸುಧಾರಣೆಯ ಚಳವಳಿಯೂ ಕೆಲಕಾಲದಲ್ಲಿಯೇ ತನ್ನದೊಂದು ಮೇಲುವರ್ಗವನ್ನು ಸೃಷ್ಟಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ಇಂದು ವಿಶ್ವವಿದ್ಯಾನಿಲಯಗಳಲ್ಲಿ ದೊಡ್ಡ ಗ್ರಂಥಗಳಿಂದ ಕಲಿಯುತ್ತಾರೆ. ಮಳವಳ್ಳಿ ಸೀಮೆಯ ಓದುಬರಹ ಬಾರದ ಹಾಡುಗಾರರು ಅದನ್ನು ಕಥೆಯಾಗಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ.

ಎರಡನೆಯ ಘಟ್ಟ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ಊರುಗಳನ್ನು ನಾವು ದಿನವೂ ಹಾದುಹೋಗುತ್ತೇವೆ. ಬೆಂಗಳೂರು ಮೈಸೂರು ಹೆದ್ದಾರಿಯ ಮೇಲಿರುವ ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಆಚಾರಿಗಳ ಮನೆಯೊಂದು. ಅಲ್ಲಿಯ ಮಗ ಕೆಂಪಾಚಾರಿ. ಗುರು ಅವನನ್ನು ಶಿಶುಮಗನಾಗಿ ಬೇಡಿ ಪಡೆಯುತ್ತಾನೆ. ಅವನೇ ಮುಂದೆ ಸಿದ್ಧಪ್ಪಾಜಿ. ಗುರುವಿನ ಅಪ್ಪಣೆಯಂತೆ ಅವನು ಕಬ್ಬಿಣದ ಭಿಕ್ಷೆ ತರಲು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗುತ್ತಾನೆ. ಹಲಗೂರಿನ ಪಾಂಚಾಳರು ಕಬ್ಬಿಣದ ಒಡೆಯರು, ಸಿರಿವಂತರು. ಬೇಡಲು ಬಂದವನೂ ಹುಟ್ಟಿನಿಂದ ಅವರ ಕುಲದವನೇ. ಅವರು ಇಲ್ಲವೆನ್ನುತ್ತಾರೆ, ಹೀಯಾಳಿಸುತ್ತಾರೆ, ಕಠಿಣವಾದ ಪರೀಕ್ಷೆಗಳಿಗೆ ಗುರಿಮಾಡುತ್ತಾರೆ, ಕೊನೆಗೆ ಸೋಲುತ್ತಾರೆ. ಕಾಯಕದಿಂದ ಬಂದ ಸಂಪತ್ತು ಕೈಯಲ್ಲಿ ನಿಂತಮೇಲೆ ಮನುಷ್ಯನು ತನ್ನವರನ್ನೇ ಹೇಗೆ ಮರೆಯುತ್ತಾನೆಂಬುದಕ್ಕೆ ಹಲಗೂರಿನ ಈ ಭಾಗದಷ್ಟು ಕಟುವಾದ ನಿರೂಪಣೆ ನಮ್ಮ ಶಿಷ್ಟ ಕಾವ್ಯಗಳಲ್ಲಿಯೂ ವಿರಳ. ಮಲೆ ಮಹದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯ ದೇವರಗುಡ್ಡರದೂ ಇದೇ ಮನೋಧರ್ಮ: ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಂಡ ಶ್ರವಣ ದೊರೆ ಅಳಿಯುವುದು ಹರಳಯ್ಯನು ಹೊಲಿದ ಪಾದರಕ್ಷೆಯಿಂದ.

ಇಷ್ಟು ಹರಿತವಾದ ಹಾಡು ಇಷ್ಟು ಕಾಲ ಹಾಡಲ್ಪಟ್ಟರೂ ದಂಗೆಯೇಕೆ ಆಗಲಿಲ್ಲವೆಂದು ಕೇಳುವವರುಂಟು. ಗೌಡರ ಮನೆಯ ಜಗಲಿಯ ಮುಂದೆ ಕುಳಿತು, ಗೌಡರ ರಾಗಿಯನ್ನು ಕೋರಣ್ಯವಾಗಿ ಪಡೆದು, ಹಲಗೂರಿನ ಸಿರಿವಂತರ ಸೊಕ್ಕು ಮುರಿದ ಕಥೆಯನ್ನು ನೀಲಗಾರನು ಹಾಡುತ್ತಿದ್ದನು. ಗೌಡರೂ ಕಣ್ಣೊರೆಸಿಕೊಂಡು ಕೇಳುತ್ತಿದ್ದರು. ಬೆಳಗಾದಮೇಲೆ ಜೀತದ ಆಳು ಕೊಟ್ಟಿಗೆಗೆ, ಗೌಡರು ಗದ್ದೆಗೆ. ಮಠದ ವ್ಯವಸ್ಥೆಯಲ್ಲಿಯೂ ವಿಚಿತ್ರವೊಂದಿದೆ: ಹಾಡುವವರು ಕೇರಿಯವರಾದರೆ ಮಠದ ಒಡೆಯರು ಅರಸು ಮನೆತನದವರು. ಇದರಿಂದಾಗಿ, ಜನಪ್ರಿಯ ಸಂಗೀತವು ಬಡವನ ಸಂಕಟವನ್ನು ಮಲಗಿಸುವ ಮದ್ದು ಎಂದು ವಾದಿಸಲು ಎಡೆಯುಂಟು. ಜರ್ಮನಿಯ ತತ್ತ್ವಜ್ಞಾನಿ ಥಿಯೊಡೋರ್ ಅಡೋರ್ನೊ 1941ರಲ್ಲಿ ಅಮೆರಿಕದ ರೇಡಿಯೋ ಹಾಡುಗಳನ್ನು ಕುರಿತು ಇಂಥದೇ ವಾದವನ್ನು ಮಂಡಿಸಿದನು. ಆದರೆ ಅದೇ ಅಮೆರಿಕದಲ್ಲಿ ಗುಲಾಮಗಿರಿಯ ಕಾಲದಿಂದ ನೀಗ್ರೋ ಜನರು ತಮ್ಮ ಪ್ರಾರ್ಥನಾಲಯಗಳಲ್ಲಿ ಹಾಡಿಕೊಂಡು ಬಂದ ಭಕ್ತಿಗೀತೆಗಳು, ಯಾವ ಬಂಡಾಯವನ್ನೂ ಎಬ್ಬಿಸದೆ ನೂರು ವರ್ಷ ಸುಮ್ಮನಿದ್ದಂತೆ ಕಂಡವು, 1950 ಮತ್ತು 60ರ ದಶಕಗಳ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಬೀದಿಗೆ ಬಂದವು. ನೀಲಗಾರರ ಹಾಡಿನ ನಡೆಯೂ ಬಹುಮಟ್ಟಿಗೆ ಇದನ್ನು ಹೋಲುತ್ತದೆಂದು ನನ್ನ ಎಣಿಕೆ. ಅದು ಯಾರನ್ನೂ ಎತ್ತಿಕಟ್ಟಲಿಲ್ಲ. ಸಲ್ಲಬೇಕಾದ ಬಾಕಿಯ ಲೆಕ್ಕವನ್ನು ಮಾತ್ರ ಮರೆಯಗೊಡಲಿಲ್ಲ.

ಈಗ ನಾಲೆಯ ಕಡೆಗೆ ಬರೋಣ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು, ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟ ಕಾಲುವೆಯಲ್ಲಿ ನೀರು ಹರಿದಮೇಲೆ ರಾಗಿಯ ಸೀಮೆ ಭತ್ತ ಕಬ್ಬುಗಳ ಸೀಮೆಯಾಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. ಒಕ್ಕಲಿಗನ ಕೈಯಲ್ಲಿ ನಗದು ಹಣ ಓಡಾಡಿತು. ಈ ಹಣದ ಜೊತೆಯಲ್ಲಿ ಹಳ್ಳಿಗೆ ಬಂದ ಸಂಗೀತವೆಂದರೆ ಪೌರಾಣಿಕ ನಾಟಕದ ಹಾರ್ಮೋನಿಯಂ. ಗುಬ್ಬಿ ಕಂಪನಿ ಮೊದಲಾದ ವೃತ್ತಿ ನಾಟಕ ಮಂಡಲಿಗಳು ಪಟ್ಟಣಗಳಲ್ಲಿ ಆಡಿದ ಕುರುಕ್ಷೇತ್ರವನ್ನು ರೈತರು ತಾವೇ ಆಡತೊಡಗಿದರು. ಸುಗ್ಗಿ ಮುಗಿದಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ತಾಲೀಮು, ಸೀನರಿ ಬಾಡಿಗೆಗೆ, ಸ್ತ್ರೀಪಾತ್ರಗಳಿಗೆ ಹೊರಗಿನ ಕಲಾವಿದೆಯರು. ಪಾತ್ರಗಳಿಗೆ ಬೆಲೆಯುಂಟು. ದುರ್ಯೋಧನ, ಕೃಷ್ಣ, ಕರ್ಣ, ಭೀಮ ಈ ಪಾತ್ರಗಳಿಗೆ ಹೆಚ್ಚು ಹಣ ತೆರಬೇಕು. ಶಕುನಿ, ವಿದುರರಿಗೆ ಕಡಿಮೆ. ದ್ವಾರಪಾಲಕನಿಗೆ ಕೇವಲ ನಾಮಮಾತ್ರ. ಹೊಲದಲ್ಲಿ ಎಷ್ಟು ಎಕರೆಯೋ ರಂಗದಲ್ಲಿ ಅಷ್ಟು ಕಂದಪದ್ಯ ಎಂದು ಹಳ್ಳಿಯ ಹಾಸ್ಯಗಾರರು ಆಡಿಕೊಂಡರೆ ಅದರಲ್ಲಿ ಸತ್ಯವಿಲ್ಲದೆ ಇಲ್ಲ. ದುರ್ಯೋಧನನು ಒಂದು ಪದ್ಯವನ್ನು ಏರುದನಿಯಲ್ಲಿ ಮುಗಿಸಿದೊಡನೆ ಸಭೆಯಿಂದ ‘ಒನ್ಸ್ ಮೋರ್’ ಕೂಗು, ಬೀಗರಿಂದ ನೋಟಿನ ಹಾರ. ಚುನಾವಣೆಗಳು ಬಂದಮೇಲೆ ಈ ನಾಟಕಗಳನ್ನು ಉದ್ಘಾಟಿಸುವುದೂ ದೇಣಿಗೆ ಕೊಡುವುದೂ ರಾಜಕಾರಣಿಯ ಕರ್ತವ್ಯಗಳಲ್ಲೊಂದಾಯಿತು.

ಮಹಾಭಾರತದಲ್ಲಿ ಎಷ್ಟೋ ಪ್ರಸಂಗಗಳಿರುವಾಗ ಈ ಸೀಮೆಯ ರೈತನು ಕುರುಕ್ಷೇತ್ರವನ್ನೇ, ಅದರಲ್ಲಿಯೂ ಶ್ರೀಕೃಷ್ಣ ಸಂಧಾನವನ್ನೇ, ಇಷ್ಟೊಂದು ನೆಚ್ಚಿಕೊಂಡುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅದು ದಾಯಾದಿಗಳ ಜಮೀನಿನ ವ್ಯಾಜ್ಯ. ಐದು ಹಳ್ಳಿಗಳನ್ನಾದರೂ ಕೊಡು ಎಂದು ರಾಜಿಗೆ ಬಂದವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದವನ ಕಥೆ, ನಾಲೆಯ ನೀರಿನಿಂದ ಗುಂಟೆ ಗುಂಟೆಗೂ ಬೆಲೆ ಬಂದು ಅಣ್ಣತಮ್ಮಂದಿರು ಮುನ್ಸೀಫ್ ಕೋರ್ಟಿಗೆ ಅಲೆಯುತ್ತಿದ್ದ ಕಾಲದಲ್ಲಿ, ಪುರಾಣವಾಗಿ ಉಳಿಯಲಿಲ್ಲ. ನೀಲಗಾರನ ಕಥೆಯಲ್ಲಿ ಬೇಡುವವನೂ ಕೊಡದವನೂ ಎದುರಾಗುತ್ತಾರೆ. ನಾಟಕದ ಕಥೆಯಲ್ಲಿ ಹಂಚಿಕೊಳ್ಳಬೇಕಾದ ಇಬ್ಬರು ಒಡೆಯರು ಎದುರಾಗುತ್ತಾರೆ. ಒಂದೇ ಊರಿನ ಎರಡು ಕೇರಿಗಳಿಗೆ ನ್ಯಾಯವೆಂಬ ಒಂದೇ ಮಾತು ಎರಡು ಅರ್ಥ ಕೊಡುತ್ತಿತ್ತು.

ಇಲ್ಲಿ ಹಾರ್ಮೋನಿಯಂ ಕುರಿತು ಒಂದು ಮಾತು ಹೇಳಿ ಮುಂದುವರಿಯಬಹುದು. ಅದು ನಮ್ಮ ದೇವಾಲಯಗಳಿಗೂ ಸಂಬಂಧಿಸಿದ್ದು. 1842ರಲ್ಲಿ ಪ್ಯಾರಿಸ್ಸಿನಲ್ಲಿ ದೆಬೆಯ್ನ್ ಎಂಬುವನು ಹಕ್ಕುಪತ್ರ ಪಡೆದ ಈ ವಾದ್ಯ ಯೂರೋಪಿನಿಂದ ಭಾರತಕ್ಕೆ ಬಂದು, ಒಂದು ಕಡೆ ಗುರುಗಳ ಕೈಯಲ್ಲಿ ಪೂಜೆಯ ಗಾಯನಕ್ಕೂ ಮತ್ತೊಂದು ಕಡೆ ಕಂಪನಿ ನಾಟಕದವರ ಕೈಯಲ್ಲಿ ರಂಗಗೀತೆಗಳಿಗೂ ಒದಗಿತು. ದೇವಾಲಯದ ಕಾಲುತಿದಿಯ ಹಾರ್ಮೋನಿಯಮ್ಮಿಗೂ ನಾಟಕದ ಕಾಲು ಹಾರ್ಮೋನಿಯಮ್ಮಿಗೂ ರಕ್ತಸಂಬಂಧವಿದೆಯೆಂದರೆ ತಪ್ಪಾಗಲಾರದು. ಶಾಸ್ತ್ರೀಯ ಸಂಗೀತಜ್ಞರಿಗೆ ಇದರ ಮೇಲೆ ಅಸಮಾಧಾನ: ಗಮಕಗಳನ್ನು ನುಡಿಸಲಾರದ ಪರದೇಶಿ ಪೆಟ್ಟಿಗೆಯೆಂದು. 1940ರ ಮಾರ್ಚಿಯಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ನಿಷೇಧಿಸಿತು; 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ದೊರೆತ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂದಿತೆಂದು ನಾವು ಹೆಮ್ಮೆಪಡುತ್ತೇವೆ. ಆ ಆಕಾಶವಾಣಿಯಿಂದ ಮಂಡ್ಯದ ರೈತನ ಅತ್ಯಂತ ಪ್ರಿಯವಾದ ವಾದ್ಯವು ಮೂರು ದಶಕಗಳ ಕಾಲ ಬಹಿಷ್ಕೃತವಾಗಿದ್ದುದನ್ನು ಯಾರೂ ದೊಡ್ಡ ಅನ್ಯಾಯವೆಂದು ತಿಳಿಯಲಿಲ್ಲ. ರುಚಿಯ ವಿಷಯದಲ್ಲಿ ಮೇಲುವರ್ಗದ ತೀರ್ಪಿಗೆ ಮೇಲ್ಮನವಿಯಿರಲಿಲ್ಲ.

ಹಾಗೆ ನೋಡಿದರೆ ತಂಬೂರಿಗೆ ನಮ್ಮಲ್ಲಿಯೂ ಅಷ್ಟಾಗಿ ಸ್ಥಳ ದೊರೆಯಲಿಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಆಯಾ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದು ವಿಧಿಸಿತು. ಲ್ಯಾಟಿನ್ ಹೋಗಿ ಕನ್ನಡ ಬಂದಿತು. ಆದರೆ ಗಾಯನವೃಂದಗಳಲ್ಲಿ ಹಾರ್ಮೋನಿಯಂ, ತಬಲಗಳು ನೆಲೆಯಾದಷ್ಟು ಸಲೀಸಾಗಿ ಗಗ್ಗರವೂ ನೀಲಗಾರನ ತಂಬೂರಿಯೂ ನೆಲೆಯಾಗಲಿಲ್ಲ. ‘ಜನರ ಸ್ವಂತ ಸಂಗೀತ’ ಎಂದಾಗ ಯಾವ ಜನರ ಸಂಗೀತವೆಂಬ ಪ್ರಶ್ನೆ ಕ್ರೈಸ್ತರನ್ನೂ ಬಿಟ್ಟದ್ದಲ್ಲ.

ಇನ್ನು ರಾಜಕೀಯ ಚಳವಳಿಗಳ ವಿಚಾರ. ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಎಂಬ ಸಂಸ್ಥಾನ ಗೀತೆ ನಡೆಯುತ್ತಿತ್ತು. ಮಹಾರಾಜರ ಕ್ಷೇಮಕ್ಕಾಗಿ ದೇವಿಯನ್ನು ಬೇಡುವ ಗೀತೆ ಅದು. ಕಾಂಗ್ರೆಸ್ಸಿನದು ವಂದೇ ಮಾತರಂ. ಆ ಗೀತೆಯ ವಿಷಯದಲ್ಲಿಯೂ ವಿವಾದವಿದ್ದು, 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ಅದರ ಮೊದಲ ಎರಡು ನುಡಿಗಳನ್ನು ಮಾತ್ರ ಹಾಡಬೇಕೆಂದು ತೀರ್ಮಾನಿಸಿತ್ತು. ಯಾವ ಗೀತೆಗೆ ಎದ್ದು ನಿಲ್ಲುತ್ತೀರಿ ಎಂಬುದೂ ಯಾವ ಧ್ವಜಕ್ಕೆ ವಂದಿಸುತ್ತೀರಿ ಎಂಬುದೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿದ್ದ ಕಾಲವದು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದಾಗ ಸರ್ಕಾರ ತ್ರಿವರ್ಣಧ್ವಜವನ್ನು ಹಾರಿಸಕೂಡದೆಂದು ಆಜ್ಞೆ ಹೊರಡಿಸಿತು. ಆಜ್ಞೆಯನ್ನು ಮುರಿದು ಧ್ವಜ ಹಾರಿಸಲಾಯಿತು, ನಾಯಕರ ಬಂಧನವಾಯಿತು. ಅದೇ ತಿಂಗಳ 25ರಂದು ಕೋಲಾರ ಸೀಮೆಯ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದು ಜನ ಸತ್ತರು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು.

ಶಿವಪುರದ ಸಭೆಯನ್ನು ಸಾಧ್ಯಗೊಳಿಸಿದವರು ಯಾರು? ಪ್ರಜಾಮಿತ್ರ ಮಂಡಲಿ, ಪ್ರಜಾಪಕ್ಷಗಳು 1934ರಲ್ಲಿ ಕೂಡಿ, ಹಾಗೆ ಕೂಡಿದವರು 1937ರಲ್ಲಿ ಕಾಂಗ್ರೆಸ್ಸನ್ನು ಸೇರಿದ್ದರು. ಪಟ್ಟಣದ ವಿದ್ಯಾವಂತರ ಸಂಸ್ಥೆಯಾಗಿದ್ದ ಕಾಂಗ್ರೆಸ್ಸಿಗೆ ಇದರಿಂದ ಹಳ್ಳಿಯ ಭೂಹಿಡುವಳಿದಾರರ ಬಲ ಬಂದಿತು. ಸಾವಿರ ಸಾವಿರ ರೈತರು ಸೇರಿದುದು ಈ ಬಲದಿಂದಲೇ. 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕುವ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಮೇಲೆ ನಿಂತಿತ್ತು. ಹಾರ್ಮೋನಿಯಮ್ಮಿನ ಒಡೆಯನಿಗೆ ಮತವಿತ್ತು, ತಂಬೂರಿಯವನಿಗೆ ಇರಲಿಲ್ಲ. 1951–52ರ ಮಹಾಚುನಾವಣೆಯಲ್ಲಿ ವಯಸ್ಕ ಮತದಾನ ಬಂದಾಗಲೇ ನೀಲಗಾರನ ಬೆರಳಿಗೆ ಶಾಯಿ ತಗಲಿದ್ದು. ಆಗಲೂ ಬಹುಕಾಲ ಅವನು ಮತ ಹಾಕಿದ್ದು ತನ್ನ ಹಾಡಿನಂತೆ ಅಲ್ಲ, ತನಗೆ ಕೂಲಿ ಕೊಡುತ್ತಿದ್ದವನ ಮಾತಿನಂತೆ. ರಾತ್ರಿಯ ನಂಬುಗೆಗೂ ಹಗಲಿನ ಅನ್ನಕ್ಕೂ ನಡುವೆ ಇದ್ದ ಅಂತರವನ್ನು ತಿಳಿಯದೆ ಜನಪದ ಹಾಡುಗಳಲ್ಲಿ ಕ್ರಾಂತಿಯನ್ನು ಹುಡುಕುವ ವಿದ್ವಾಂಸರ ಉತ್ಸಾಹವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಆ ಅಂತರ ಕಿರಿದಾಗತೊಡಗಿದ್ದು 1970ರ ದಶಕದಲ್ಲಿ. ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿ ಗೇಣಿಪದ್ಧತಿಯನ್ನು ಕೊನೆಗಾಣಿಸಿತು. ಜೀತಪದ್ಧತಿ ಕಾನೂನಿನಲ್ಲಿ ಅಳಿಯಿತು. ಕೂಲಿ ಧಾನ್ಯದಿಂದ ನಗದಿಗೆ ತಿರುಗಿತು. 1973ರ ಬೂಸಾ ಪ್ರಕರಣದ ತರುವಾಯ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಅದೇ ವರ್ಷ ಸಮುದಾಯ ತಂಡ ಹುಟ್ಟಿತು. ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕದಲ್ಲಿ ನಿಲ್ಲದೆ ತಮಟೆಯೊಡನೆ ಮೆರವಣಿಗೆಗಳಲ್ಲಿ ಹಾಡಲ್ಪಟ್ಟವು. ಓದು ಕಲಿತ ಕೇರಿಯ ಹುಡುಗರಿಗೆ ತಮ್ಮ ತಾತಂದಿರ ಕಲ್ಯಾಣದ ಕಥೆ, ಹಲಗೂರಿನ ಕಥೆ ಹೊಸ ಅರ್ಥದಿಂದ ಕೇಳಿಸಿತು. ದೇವನೂರ ಮಹಾದೇವರ ‘ಕುಸುಮಬಾಲೆ’, 1984ರಲ್ಲಿ ಪ್ರಕಟವಾದುದು, ನೆರೆಯ ನಂಜನಗೂಡು ಸೀಮೆಯ ಈ ಹಾಡುಗಬ್ಬದ ಉಸಿರನ್ನು ಗದ್ಯಕ್ಕೆ ತಂದಿತು. ಎಚ್.ಎಸ್. ಶಿವಪ್ರಕಾಶರು ಮಂಟೇಸ್ವಾಮಿಯ ಕಥೆಯನ್ನು ನಾಟಕ ಮಾಡಿದರು. ಅತ್ತ 1980ರಲ್ಲಿ ರೈತಸಂಘ ಹುಟ್ಟಿ, ಮಂಡ್ಯ ಜಿಲ್ಲೆಯ ರೈತರು ಹಸಿರು ಶಾಲು ಹೊದ್ದು, ಹಾಡುಗಳನ್ನು ಹಾಡುತ್ತ ಕಛೇರಿಗಳ ಮುಂದೆ ಕುಳಿತರು. ಭೂಮಿಯುಳ್ಳವರ ಹಾಡು, ಭೂಮಿಯಿಲ್ಲದವರ ಹಾಡು ಎರಡೂ ಒಂದೇ ದಶಕದಲ್ಲಿ ಸರ್ಕಾರದ ಬಾಗಿಲಿಗೆ ಬಂದವು, ಆದರೆ ಬೇರೆ ಬೇರೆ ದಾರಿಗಳಿಂದ.

ಹಾಡುಗಳನ್ನು ಬರಹಕ್ಕಿಳಿಸುವ ಕೆಲಸವನ್ನು ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಮೊದಲಾದವರು ನಡೆಸಿದರು. ಇವರಿಬ್ಬರೂ ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ನಾಗೇಗೌಡರ ಜಾನಪದ ಲೋಕ 1994ರಲ್ಲಿ ರಾಮನಗರದ ಬಳಿ ತೆರೆಯಿತು. ಆದರೆ ನೀಲಗಾರನ ಹಾಡನ್ನು ಗೌಡರ ಜಗಲಿಯಿಂದ ಬಿಡಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಲ್ಲಿ ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಹದೇಶ್ವರರ ಕಥೆಗಳು ಚಹದಂಗಡಿಗಳಿಗೆ, ಆಲೆಮನೆಗಳಿಗೆ, ಲಾರಿಗಳಿಗೆ ಹೊಕ್ಕವು. ಯಾರೂ ಕರೆಸಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ. ಗುಂಡಿ ಒತ್ತಿದರೆ ಹಲಗೂರು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಅದು ಪಕ್ಕದ ಹಳ್ಳಿಯ ಹಾಡುಗಾರನ ಧ್ವನಿಯನ್ನು ಎತ್ತರಿಸಲು ಎಷ್ಟು ದಶಕ ತಡೆಯಿತೆಂದು ನೆನೆದರೆ ನಗು ಬರುತ್ತದೆ. ಕೂಲಿ ಕೈಗೆ ಬಂದಮೇಲೆ ಕೇರಿಯವರೂ ಸಾಲಮಾಡಿ ಕುರುಕ್ಷೇತ್ರವನ್ನು ಆಡಿದರು. ಒಂದು ವರ್ಗದ ಸಂಗೀತವೆಂದು ನಾವು ಗೆರೆ ಎಳೆದುದನ್ನು ಜನರೇ ದಾಟಿದರು. ಕೌರವನ ಕಿರೀಟವನ್ನು ಒಂದು ರಾತ್ರಿಯಾದರೂ ತಲೆಯ ಮೇಲಿಡುವ ಆಸೆ ಯಾರಿಗಿಲ್ಲ?

ಚಲನಚಿತ್ರದ ಹಾಡುಗಳು ಈ ಗೆರೆಗಳನ್ನು ಇನ್ನಷ್ಟು ಅಳಿಸಿದವು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ ಹುಟ್ಟಿದ ಅಂಬರೀಶರ ‘ಮಂಡ್ಯದ ಗಂಡು’ 1994ರಲ್ಲಿ ತೆರೆಕಂಡಿತು. ಆ ಹೆಸರೇ ಅವರ ಬಿರುದಾಯಿತು. ಅವರು ಮಂಡ್ಯ ಲೋಕಸಭಾ ಕ್ಷೇತ್ರದಿಂದ 1998ರಲ್ಲಿ ಜನತಾದಳದ ಪರವಾಗಿಯೂ, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನ ಪರವಾಗಿಯೂ ಗೆದ್ದರು. ಪಕ್ಷ ಬದಲಾಯಿತು, ಬಿರುದು ಬದಲಾಗಲಿಲ್ಲ. ಕೇರಿಯವರೂ ಊರಿನವರೂ ಒಟ್ಟಾಗಿ ಕುಣಿಯಬಲ್ಲ ಹಾಡಿಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಕಾವೇರಿಯ ನೀರಿಗಾಗಿ ಜಿಲ್ಲೆಯೆಲ್ಲ ಒಂದಾಗಿ ರಸ್ತೆಗಿಳಿದ ದಿನಗಳಲ್ಲಿ ಇಂಥ ಅಭಿಮಾನಕ್ಕೂ ಕೆಲಸವಿತ್ತು. ಆದರೆ ನಾಲೆಯ ನೀರು ಬಂದರೂ ಅದು ಯಾರ ಗದ್ದೆಗೆ ಹರಿಯುತ್ತದೆಂಬ ಮಾತನ್ನು ಆ ಹಾಡು ಎತ್ತುವುದಿಲ್ಲ.

ಚಿಕ್ಕಲ್ಲೂರಿನ ಜಾತ್ರೆ ವರ್ಷವೂ ಪುಷ್ಯದ ಹುಣ್ಣಿಮೆಗೆ ಸೇರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಹೋದವರು ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿ ಉರಿಯುವುದನ್ನು ಕಂಡು, ಮುಂದಿನ ದಿನಗಳಲ್ಲಿ ಬಯಲಿನಲ್ಲಿಯೇ ಅಡಿಗೆಮಾಡಿ, ಪಂಕ್ತಿಸೇವೆಯೆಂಬ ಊಟಕ್ಕೆ ಜಾತಿಯೆಣಿಸದೆ ಸಾಲಾಗಿ ಕೂಡುತ್ತಾರೆ. ಎಲೆಯ ಮುಂದೆ ಗೌಡರಿದ್ದಾರೆ, ಕೇರಿಯವರಿದ್ದಾರೆ. ತಂಬೂರಿ ಹಿಡಿದವನು ಅವರ ನಡುವೆ ನಿಂತು ಹಲಗೂರಿನ ಭಾಗವನ್ನು ಎತ್ತಿಕೊಳ್ಳುತ್ತಾನೆ.